ಟ್ಯಾಂಕಿಂಗ್ (ಕ್ರೀಡೆ)

ಟ್ಯಾಂಕಿಂಗ್ ಎಂಬುದು ವೃತ್ತಿಪರ ಕ್ರೀಡಾ ಲೀಗ್‌ಗಳಲ್ಲಿ ದುರ್ಬಲ ತಂಡವೊಂದು ನಡೆಯುತ್ತಿರುವ ಋತುವಿನ ಗೆಲುವಿನ ಆಸೆಯನ್ನು ಕೈಬಿಟ್ಟು, ಮುಂದಿನ ಡ್ರಾಫ್ಟ್‌ನಲ್ಲಿ ಮೇಲಿನ ಸರದಿ ದೊರೆಯಲೆಂದು ಅಂಕಪಟ್ಟಿಯ ತಳದಲ್ಲಿ ಉಳಿಯುವ ತಂತ್ರದ ಹೆಸರು. ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ (ಎನ್‌ಬಿಎ) ತಂಡಗಳ ಸಂದರ್ಭದಲ್ಲಿ ಈ ಪದವು ಹೆಚ್ಚಾಗಿ ಬಳಕೆಯಲ್ಲಿದೆ. ಇದು ಮ್ಯಾಚ್ ಫಿಕ್ಸಿಂಗ್ ಅಲ್ಲ. ಅಂಕಣಕ್ಕಿಳಿದ ಆಟಗಾರರು ಗೆಲ್ಲಲೆಂದೇ ಆಡುತ್ತಾರೆ. ಆದರೆ ಅನುಭವಿಗಳನ್ನು ಬೇರೆ ತಂಡಗಳಿಗೆ ಕೊಟ್ಟು, ಗಾಯದ ನೆಪದಲ್ಲಿ ಪ್ರಮುಖರನ್ನು ಹೊರಗಿರಿಸಿ, ಗೆಲ್ಲುವುದು ಕಷ್ಟವಾಗುವಂತಹ ತಂಡವನ್ನು ಆಡಳಿತವೇ ರೂಪಿಸುತ್ತದೆ. ಪುನರ್ನಿರ್ಮಾಣದ ಹಂತದಲ್ಲಿರುವ ತಂಡವು ಪ್ಲೇಆಫ್‌ಗೆ ಪ್ರಯತ್ನಿಸಬೇಕೇ ಅಥವಾ ಉತ್ತಮ ಡ್ರಾಫ್ಟ್ ಸರದಿಗಾಗಿ ಕಾಯಬೇಕೇ ಎಂಬ ಚರ್ಚೆಯ ಮೂಲ ಇಲ್ಲಿದೆ.

ಡ್ರಾಫ್ಟ್ ಪದ್ಧತಿ

ಡ್ರಾಫ್ಟ್ ಎಂದರೆ ಲೀಗ್‌ಗೆ ಹೊಸದಾಗಿ ಬರುವ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ವ್ಯವಸ್ಥೆ. ಇಲ್ಲಿ ಹಣದ ಪೈಪೋಟಿಯಿಲ್ಲ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿಗಳಲ್ಲಿ ಆದ್ಯತೆ ದೊರೆಯುತ್ತದೆ. ಬಲವಿಲ್ಲದವರಿಗೆ ಬಲ ತುಂಬಿ ಲೀಗ್‌ನ ಸಮತೋಲವನ್ನು ಕಾಯುವುದು ಇದರ ಉದ್ದೇಶ. ಎನ್‌ಬಿಎಯ 30 ತಂಡಗಳು ವರ್ಷಕ್ಕೊಮ್ಮೆ ಎರಡು ಸುತ್ತುಗಳಲ್ಲಿ ಹೀಗೆ ಆಟಗಾರರನ್ನು ಆರಿಸುತ್ತವೆ. 2015ರಲ್ಲಿ ಡಲ್ಲಾಸ್ ಮೇವರಿಕ್ಸ್ ತಂಡವು 52ನೆಯ ಸರದಿಯಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಆರಿಸಿತು. ಈ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವರು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡದ ಐವರು ಮಾತ್ರ ಒಮ್ಮೆಗೆ ಅಂಕಣದಲ್ಲಿರುತ್ತಾರೆ. ಉತ್ತಮ ಆಟಗಾರನು 48 ನಿಮಿಷಗಳ ಪಂದ್ಯದ ಬಹುಭಾಗದಲ್ಲಿ ಆಡುತ್ತಾನೆ. ಹನ್ನೊಂದು ಜನರ ಕ್ರಿಕೆಟ್ಟಿನಲ್ಲಿ ಒಬ್ಬ ಶ್ರೇಷ್ಠನಿಂದ ಆಗದ ಬದಲಾವಣೆ ಇಲ್ಲಿ ಆಗಬಲ್ಲದು. ಆದ್ದರಿಂದಲೇ ಮೊದಲ ಸರದಿಯ ಆಕರ್ಷಣೆ ಈ ಆಟದಲ್ಲಿ ಅಷ್ಟು ಪ್ರಬಲವಾಗಿದೆ.

ಲಾಟರಿ

1984ರವರೆಗೆ ಎರಡು ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮಿಸಿ ಮೊದಲ ಸರದಿಯನ್ನು ನಿರ್ಧರಿಸಲಾಗುತ್ತಿತ್ತು. ಆ ವರ್ಷ ಹ್ಯೂಸ್ಟನ್ ರಾಕೆಟ್ಸ್ ಬೇಕೆಂದೇ ಸೋತಿತೆಂಬ ಸಂಶಯ ಬಲವಾಗಿತ್ತು. ನಾಣ್ಯದ ಅದೃಷ್ಟವೂ ಒಲಿದು, ಅದು ಹಕೀಮ್ ಒಲಾಜುವಾನ್ ಅವರನ್ನು ಪಡೆಯಿತು. ಎರಡನೆಯ ಸರದಿಯ ಪೋರ್ಟ್‌ಲೆಂಡ್ ತಂಡವು ಸ್ಯಾಮ್ ಬೋವಿ ಅವರನ್ನು ಆರಿಸಿದ್ದರಿಂದ ಮೈಕೆಲ್ ಜೋರ್ಡನ್ ಮೂರನೆಯವರಾಗಿ ಶಿಕಾಗೋ ಪಾಲಾದರು. ಮೇಲಿನ ಸರದಿ ದೊರೆಯುವುದು ಬೇರೆ, ಸರಿಯಾದ ಆಯ್ಕೆ ಮಾಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಪ್ರಸಿದ್ಧ ನಿದರ್ಶನವಿಲ್ಲ.

ಈ ಸಂಶಯಗಳ ಫಲವಾಗಿ 1985ರಲ್ಲಿ ಲಾಟರಿ ಬಂದಿತು. ಪ್ಲೇಆಫ್ ತಲಪದ ಏಳು ತಂಡಗಳಿಗೂ ಆಗ ಸಮಾನ ಅವಕಾಶವಿತ್ತು. 1990ರಿಂದ ಹೆಚ್ಚು ಸೋತವರಿಗೆ ಹೆಚ್ಚು ಅವಕಾಶವೆಂಬ ನಿಯಮ ಜಾರಿಗೆ ಬಂದಿತು. 1993ರಲ್ಲಿ 41 ಪಂದ್ಯ ಗೆದ್ದು 41 ಸೋತಿದ್ದ ಒರ್ಲಾಂಡೊ ಮ್ಯಾಜಿಕ್‌ಗೆ 66ರಲ್ಲಿ ಒಂದು ಪಾಲಿನ ಅವಕಾಶವಷ್ಟೇ ಇದ್ದರೂ ಮೊದಲ ಸರದಿ ಅದಕ್ಕೇ ದೊರೆಯಿತು. ಆ ಬಳಿಕ ಕೊನೆಯ ತಂಡದ ಅವಕಾಶವನ್ನು ಶೇ. 25ಕ್ಕೆ ಏರಿಸಲಾಯಿತು. ಇದು ಟ್ಯಾಂಕಿಂಗ್‌ಗೆ ಮತ್ತೆ ದಾರಿಮಾಡಿತು. 2019ರ ತಿದ್ದುಪಡಿಯಲ್ಲಿ ಕೊನೆಯ ಮೂರು ತಂಡಗಳಿಗೆ ತಲಾ ಶೇ. 14ರಷ್ಟು ಮಾತ್ರ ಅವಕಾಶ ಉಳಿಯಿತು. ಲಾಟರಿಯು ಮೊದಲ ನಾಲ್ಕು ಸರದಿಗಳಿಗೆ ಅನ್ವಯಿಸತೊಡಗಿದ್ದರಿಂದ ಕಡೆಯ ಸ್ಥಾನದ ತಂಡವೂ ಐದನೆಯ ಸರದಿಗೆ ಇಳಿಯುವ ಸಾಧ್ಯತೆ ಉಂಟಾಯಿತು. 2023 ಮತ್ತು 2024ರಲ್ಲಿ ಡೆಟ್ರಾಯಿಟ್, 2025ರಲ್ಲಿ ಯೂಟಾ ಹೀಗೆಯೇ ಐದಕ್ಕಿಳಿದವು. 2025ರ ಮೊದಲ ಸರದಿಯು ಶೇ. 1.8ರ ಅವಕಾಶವಿದ್ದ ಡಲ್ಲಾಸ್‌ಗೆ ಹೋಯಿತು.

ಸೋಲಿನಿಂದ ದೊರೆತದ್ದು

ಟ್ಯಾಂಕಿಂಗ್‌ನ ಅತ್ಯಂತ ಬಹಿರಂಗವಾದ ಪ್ರಯೋಗವು ಫಿಲಡೆಲ್ಫಿಯಾ 76ಅರ್ಸ್ ತಂಡದ್ದು. 2013ರಲ್ಲಿ ಅಧಿಕಾರ ವಹಿಸಿಕೊಂಡ ಸ್ಯಾಮ್ ಹಿಂಕಿ ಅವರ ಅವಧಿಯಲ್ಲಿ ತಂಡವು 82 ಪಂದ್ಯಗಳ ಮೂರು ಋತುಗಳಲ್ಲಿ ಕ್ರಮವಾಗಿ 19, 18 ಮತ್ತು 10 ಪಂದ್ಯಗಳನ್ನಷ್ಟೇ ಗೆದ್ದಿತು. ಅಭಿಮಾನಿಗಳು ಇದನ್ನು ‘ದ ಪ್ರೊಸೆಸ್’ ಎಂದು ಕರೆದರು. 2014ರ ಮೂರನೆಯ ಸರದಿಯಲ್ಲಿ ದೊರೆತ ಜೋಯೆಲ್ ಎಂಬೀಡ್ 2023ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರರಾದದ್ದು ನಿಜ. ಆದರೆ 2016 ಮತ್ತು 2017ರ ಎರಡು ಮೊದಲ ಸರದಿಗಳೂ ಸೇರಿ ಇಷ್ಟೆಲ್ಲ ದೊರೆತ ಮೇಲೂ, 2025ರವರೆಗೆ ತಂಡವು ಪ್ಲೇಆಫ್‌ನ ಎರಡನೆಯ ಸುತ್ತನ್ನು ದಾಟಿಲ್ಲ. ಹಿಂಕಿ 2016ರಲ್ಲಿಯೇ ಹುದ್ದೆ ತೊರೆದಿದ್ದರು.

ಸ್ಯಾಕ್ರಮೆಂಟೊ ಕಿಂಗ್ಸ್ ಸತತ 16 ಋತುಗಳಲ್ಲಿ ಪ್ಲೇಆಫ್ ಕಾಣಲಿಲ್ಲ. 2018ರಲ್ಲಿ ಎರಡನೆಯ ಸರದಿ ದೊರೆತಾಗ ಅದು ಮಾರ್ವಿನ್ ಬ್ಯಾಗ್ಲಿ ಅವರನ್ನು ಆರಿಸಿತು. ಮುಂದಿನ ಸರದಿಯಲ್ಲಿ ಆಯ್ಕೆಯಾದವರು ಲೂಕಾ ಡಾನ್ಚಿಚ್.

ಈ ತಂತ್ರದ ಸಮರ್ಥಕರು ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡವನ್ನು ಉದಾಹರಿಸುತ್ತಾರೆ. 1996-97ರಲ್ಲಿ 20 ಪಂದ್ಯಗಳನ್ನು ಮಾತ್ರ ಗೆದ್ದ ಸ್ಪರ್ಸ್‌ಗೆ ಟಿಮ್ ಡಂಕನ್ ದೊರೆತರು, ಅವರೊಂದಿಗೆ ಐದು ಪ್ರಶಸ್ತಿಗಳು ಬಂದವು. ಆದರೆ ಆ ತಂಡದ ಕುಸಿತಕ್ಕೆ ಡೇವಿಡ್ ರಾಬಿನ್ಸನ್ ಅವರ ಗಾಯವೇ ಮುಖ್ಯ ಕಾರಣವಾಗಿತ್ತು. ಅವರು ಮರಳಿದಾಗ ಡಂಕನ್ ಅವರಿಗೆ ಗೆಲುವನ್ನು ಬಲ್ಲ ಹಿರಿಯನೊಬ್ಬನ ಜೊತೆ ಸಿಕ್ಕಿತು. 2025ರ ಚಾಂಪಿಯನ್ ಒಕ್ಲಹೋಮ ಸಿಟಿ ಥಂಡರ್ ಸಹ ಎರಡು ಋತುಗಳ ಕಾಲ ತಳದಲ್ಲಿದ್ದು, 2022ರ ಎರಡನೆಯ ಸರದಿಯಲ್ಲಿ ಚೆಟ್ ಹೋಮ್‌ಗ್ರೆನ್ ಅವರನ್ನು ಪಡೆಯಿತು. ಆದರೆ ತಂಡದ ನಾಯಕಮಣಿ ಶೇ ಗಿಲ್ಜಿಯಸ್-ಅಲೆಕ್ಸಾಂಡರ್ ಬಂದದ್ದು ಸೋಲಿನಿಂದಲ್ಲ. 2019ರಲ್ಲಿ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲಿಸ್ ಕ್ಲಿಪ್ಪರ್ಸ್‌ಗೆ ಕೊಟ್ಟ ವಿನಿಮಯದಿಂದ. ಅದೇ ವಿನಿಮಯದಲ್ಲಿ ದೊರೆತ ಸರದಿಯೊಂದರಿಂದ ಜೇಲನ್ ವಿಲಿಯಮ್ಸ್ ಸಹ ಬಂದರು.

ಪ್ಲೇಆಫ್ ಪರವಾದ ವಾದ

ಪ್ರತಿವರ್ಷ ಎಂಟನೆಯದೋ ಹತ್ತನೆಯದೋ ಆಗಿ ಮುಗಿಸುವ ತಂಡಕ್ಕೆ ಪ್ರಶಸ್ತಿಯೂ ಇಲ್ಲ, ಒಳ್ಳೆಯ ಸರದಿಯೂ ಇಲ್ಲ ಎಂಬುದು ಪ್ಲೇಆಫ್ ಬೆನ್ನಟ್ಟುವುದರ ವಿರುದ್ಧದ ಮುಖ್ಯ ಆಕ್ಷೇಪ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ 2023ರ ಅಂತಿಮ ಸರಣಿಯನ್ನು ಗಮನಿಸಬೇಕು. ಪ್ಲೇ-ಇನ್ ಪಂದ್ಯಗಳ ಮೂಲಕ ಎಂಟನೆಯ ಸ್ಥಾನದಿಂದ ಬಂದ ಮಯಾಮಿ ಹೀಟ್ ಅಲ್ಲಿಯವರೆಗೆ ತಲಪಿತು. ಅದನ್ನು ಸೋಲಿಸಿದ ಡೆನ್ವರ್ ತಂಡದ ನಿಕೊಲಾ ಯೋಕಿಚ್ 2014ರಲ್ಲಿ 41ನೆಯ ಸರದಿಯಲ್ಲಿ ಆಯ್ಕೆಯಾದವರು.

ಡೆಟ್ರಾಯಿಟ್ ಪಿಸ್ಟನ್ಸ್ ಅನುಭವವು ಇನ್ನೂ ಬೋಧಪ್ರದ. 2021ರ ಮೊದಲ ಸರದಿಯಲ್ಲಿ ಕೇಡ್ ಕನ್ನಿಂಗ್‌ಹ್ಯಾಮ್ ಬಂದ ಮೇಲೂ ತಂಡವು ಸೋಲುತ್ತಲೇ ಹೋಗಿ 2023-24ರಲ್ಲಿ ಸತತ 28 ಪಂದ್ಯಗಳನ್ನು ಕಳೆದುಕೊಂಡಿತು. ಆ ಋತುವಿನ ಒಟ್ಟು ಗೆಲುವು 14. ಮರುವರ್ಷ ಹೊಸ ತರಬೇತುದಾರ ಮತ್ತು ಟೊಬಾಯಸ್ ಹ್ಯಾರಿಸ್ ಅವರಂತಹ ಅನುಭವಿಗಳು ಸೇರಿದಾಗ ಅದೇ ತಂಡವು 44 ಪಂದ್ಯಗಳನ್ನು ಗೆದ್ದು ಪ್ಲೇಆಫ್ ತಲಪಿತು. ಕಿರಿಯರಿಗೆ ಕಲಿಯಲು ಹಿರಿಯರು ಬೇಕು, ಟ್ಯಾಂಕಿಂಗ್ ಮೊದಲು ಹೊರಗೆ ಕಳುಹಿಸುವುದೇ ಅವರನ್ನು.

ಸೋಲುವ ಋತುವಿನ ವೆಚ್ಚವನ್ನು ಭರಿಸುವವರು ಯೋಜನೆ ರೂಪಿಸಿದವರಲ್ಲ. ಟಿಕೆಟ್ ಕೊಂಡ ಪ್ರೇಕ್ಷಕನಿಗೆ ಸ್ಪರ್ಧೆಯೇ ಇಲ್ಲದ ಪಂದ್ಯ ದೊರೆಯುತ್ತದೆ. ಅಲ್ಪಾವಧಿ ಒಪ್ಪಂದದ ಆಟಗಾರನು ಮುಂದಿನ ಅವಕಾಶವನ್ನೇ ಕಳೆದುಕೊಳ್ಳಬಹುದು. ಲೀಗ್ ಸಹ ಇದನ್ನು ಗಂಭೀರವಾಗಿ ಪರಿಗಣಿಸಿದೆ. 2023ರ ಏಪ್ರಿಲ್‌ನಲ್ಲಿ, ಪ್ಲೇ-ಇನ್ ಅವಕಾಶ ಜೀವಂತವಿದ್ದಾಗಲೇ ಪ್ರಮುಖ ಆಟಗಾರರನ್ನು ಹೊರಗಿರಿಸಿದ ಡಲ್ಲಾಸ್‌ಗೆ 7,50,000 ಡಾಲರ್ ದಂಡ ವಿಧಿಸಲಾಯಿತು. ಆದರೆ ಹಾಗೆ ಉಳಿಸಿಕೊಂಡ ಸರದಿಯ ಮೂಲಕ ಡೆರೆಕ್ ಲೈವ್ಲಿ ಅವರನ್ನು ಪಡೆದ ಡಲ್ಲಾಸ್ ಮರುವರ್ಷ ಅಂತಿಮ ಸರಣಿಯಲ್ಲಿ ಆಡಿತು. ದಂಡವು ತಡೆಯಾಗಲಿಲ್ಲ ಎನ್ನದೆ ವಿಧಿಯಿಲ್ಲ.

ಕರ್ನಾಟಕದ ತಂಡಗಳು

ಭಾರತದ ಪ್ರಮುಖ ಲೀಗ್‌ಗಳಲ್ಲಿ ಆಟಗಾರರು ಹರಾಜಿನ ಮೂಲಕ ಹಂಚಿಕೆಯಾಗುತ್ತಾರೆ. ಎಲ್ಲ ತಂಡಗಳಿಗೂ ವೆಚ್ಚದ ಮಿತಿ ಒಂದೇ. ಕೊನೆಯ ಸ್ಥಾನಕ್ಕೆ ಯಾವ ಬಹುಮಾನವೂ ಇಲ್ಲ. ಉಡುಪಿ, ಕಾಪು, ಕಾರ್ಕಳ ಭಾಗದ ಊರುಗಳಲ್ಲಿ ನಡೆಯುವ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳಲ್ಲಂತೂ ಸೋತ ತಂಡ ಮನೆಗೆ ಹೋಗುತ್ತದೆ, ಅಷ್ಟೆ. ಹೀಗಾಗಿ ಟ್ಯಾಂಕಿಂಗ್ ಕನ್ನಡ ಓದುಗರಿಗೆ ವಿಚಿತ್ರವಾಗಿ ತೋರುವುದು ಸಹಜ.

ಆದರೆ ಡ್ರಾಫ್ಟ್ ಇಲ್ಲಿಗೆ ಸಂಪೂರ್ಣ ಅಪರಿಚಿತವೇನಲ್ಲ. 2008ರ ಮಾರ್ಚ್‌ನಲ್ಲಿ, ಐಪಿಎಲ್‌ನ ಮೊದಲ ಋತುವಿಗೆ ಮುನ್ನ, 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಭಾರತ ತಂಡದ ಆಟಗಾರರನ್ನು ಹರಾಜಿಗಿಡದೆ ಡ್ರಾಫ್ಟ್ ಮೂಲಕ ಹಂಚಲಾಯಿತು. ಸೆಹ್ವಾಗ್, ಗಂಭೀರ್ ಇದ್ದ ದೆಹಲಿ ತಂಡವು ತನ್ನ ಊರಿನ ಬ್ಯಾಟರ್ ವಿರಾಟ್ ಕೊಹ್ಲಿ ಅವರನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ಕೊಹ್ಲಿ 12 ಲಕ್ಷ ರೂಪಾಯಿಗೆ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಸೇರಿದರು.

ಆ ತಂಡವು 2017 ಮತ್ತು 2019ರಲ್ಲಿ ಕೊನೆಯ ಸ್ಥಾನ ಪಡೆಯಿತು. ಅದರಿಂದ ಅದಕ್ಕೆ ಏನೂ ದಕ್ಕಲಿಲ್ಲ. 2020ರಿಂದ 2022ರವರೆಗೆ ಮೂರೂ ವರ್ಷ ಪ್ಲೇಆಫ್ ತಲಪಿತು, ಪ್ರಶಸ್ತಿ ಮಾತ್ರ ಬರಲಿಲ್ಲ. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತ ಮೇಲೂ ಸತತ ಆರನ್ನು ಗೆದ್ದು ನಾಲ್ಕನೆಯ ಸ್ಥಾನ ಪಡೆಯಿತು. ಡ್ರಾಫ್ಟ್ ಇರುವ ಲೀಗ್‌ನಲ್ಲಿ ಏಳನೆಯ ಸೋಲಿನ ಹೊತ್ತಿಗೆ ಆಡಳಿತವು ಬೇರೆ ಲೆಕ್ಕ ಹಾಕುತ್ತಿತ್ತೇನೋ. ಮರುವರ್ಷದ ಹರಾಜಿಗೆ ಮುನ್ನ ಕೊಹ್ಲಿ, ರಜತ್ ಪಾಟೀದಾರ್ ಮತ್ತು ಯಶ್ ದಯಾಳ್ ಅವರನ್ನು ಮಾತ್ರ ಉಳಿಸಿಕೊಂಡು, 83 ಕೋಟಿ ರೂಪಾಯಿಯೊಂದಿಗೆ ಹೊಸ ತಂಡ ಕಟ್ಟಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಐಪಿಎಲ್ ಪ್ರಶಸ್ತಿ ಗೆದ್ದಿತು.

ಪ್ರೊ ಕಬಡ್ಡಿಯ ಆರನೆಯ ಆವೃತ್ತಿಯ ಚಾಂಪಿಯನ್ ಬೆಂಗಳೂರು ಬುಲ್ಸ್, 2024ರ ಹನ್ನೊಂದನೆಯ ಆವೃತ್ತಿಯಲ್ಲಿ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. ಮುಂದಿನ ಹರಾಜಿಗೆ ಅದು ಹೋದದ್ದು ಉಳಿದವರಂತೆಯೇ, ಯಾವ ವಿಶೇಷ ಸರದಿಯೂ ಇಲ್ಲದೆ. ತರಬೇತಿಯ ಹೊಣೆಯನ್ನು ಕನ್ನಡಿಗ ಬಿ. ಸಿ. ರಮೇಶ್ ಅವರಿಗೆ ವಹಿಸಲಾಯಿತು, ಇರಾನಿನ ರೈಡರ್ ಅಲಿರೆಜಾ ಮಿರ್ಜಾಯಿಯಾನ್ ತಂಡ ಸೇರಿದರು. 2025ರ ಹನ್ನೆರಡನೆಯ ಆವೃತ್ತಿಯ ಲೀಗ್ ಹಂತವನ್ನು ಬುಲ್ಸ್ ಮೂರನೆಯ ಸ್ಥಾನದಲ್ಲಿ ಮುಗಿಸಿ ಪ್ಲೇಆಫ್ ಪ್ರವೇಶಿಸಿತು.