ಗುಜರಿ ರಾಶಿಯ ಪತ್ತೇದಾರರು: ಬಾಲ ಸಂಶೋಧಕರ ಕಥೆಗಳು ಮತ್ತು ಕನ್ನಡ ತರಗತಿ

ಉಪಕರಣಗಳನ್ನು ತಾವೇ ಕಟ್ಟಿಕೊಂಡು ರಹಸ್ಯಗಳನ್ನು ಭೇದಿಸುವ ಮಕ್ಕಳ ಕಥೆಗಳನ್ನು ವಿಜ್ಞಾನಕ್ಕೆ ಪೂರಕವೆಂದು ಗ್ರಂಥಾಲಯದ ಅವಧಿಗೆ ಬಿಟ್ಟುಕೊಡುವುದು ರೂಢಿ. ಅವುಗಳ ನಿಜವಾದ ಸ್ಥಾನ ಭಾಷೆಯ ತರಗತಿ ಎಂಬುದು ಒಂದು ಮಾಲೆಯನ್ನು ಹತ್ತಿರದಿಂದ ಕಂಡರೆ ತಿಳಿಯುತ್ತದೆ.

ಅಮೆರಿಕದಲ್ಲಿ 1910ರಲ್ಲಿ ಆರಂಭವಾದ ಟಾಮ್ ಸ್ವಿಫ್ಟ್ ಮಾಲೆಯ ನಾಯಕನ ತಂದೆಯೂ ಸಂಶೋಧಕನೇ. ಮನೆಯಲ್ಲಿಯೇ ಕಾರ್ಯಾಗಾರ, ಕೈಗೆ ಬೇಕಾದ ಸಲಕರಣೆ. ಬಡ ಮಗು ಇದನ್ನು ಬೆರಗಿನಿಂದ ಓದೀತು, ತನ್ನದೆಂದು ಓದಲಾರದು. 1964ರಲ್ಲಿ ರಾಬರ್ಟ್ ಆರ್ಥರ್ ಆರಂಭಿಸಿದ ‘ತ್ರೀ ಇನ್ವೆಸ್ಟಿಗೇಟರ್ಸ್’ ಮಾಲೆಯ ರೀತಿ ಬೇರೆ. ಕ್ಯಾಲಿಫೋರ್ನಿಯಾದ ರಾಕಿ ಬೀಚ್ ಎಂಬ ಕಲ್ಪಿತ ಊರಿನಲ್ಲಿ ಜುಪಿಟರ್ ಜೋನ್ಸ್ ಎಂಬ ಅನಾಥ ಬಾಲಕ ಚಿಕ್ಕಪ್ಪನ ಗುಜರಿ ಅಂಗಡಿಯಲ್ಲಿ ಬೆಳೆಯುತ್ತಾನೆ. ಗೆಳೆಯರಾದ ಪೀಟ್ ಮತ್ತು ಬಾಬ್ ಜೊತೆಗೂಡಿ, ಹಳೆಯ ಸಾಮಾನಿನ ರಾಶಿಯ ನಡುವೆ ಹುದುಗಿದ ಮುರುಕು ವಾಹನಮನೆಯೊಂದನ್ನು ಕಚೇರಿ ಮಾಡಿಕೊಳ್ಳುತ್ತಾನೆ. ಒಲೆಯ ಹೊಗೆ ಕೊಳವೆ ಅಲ್ಲಿ ಪರಿದರ್ಶಕವಾಗುತ್ತದೆ. ಕೆಟ್ಟ ಮುದ್ರಣಯಂತ್ರ ದುರಸ್ತಿಯಾಗಿ ಮೂವರ ಗುರುತಿನ ಚೀಟಿಯನ್ನು ಅಚ್ಚು ಹಾಕುತ್ತದೆ.

ಆದರೆ ಪರಿದರ್ಶಕವು ಯಾರು ಬಂದರೆಂದು ತೋರಿಸಬಲ್ಲದೇ ಹೊರತು ಏಕೆ ಬಂದರೆಂದು ಹೇಳಲಾರದು. ಅದು ಮೂವರ ಮಾತಿನಲ್ಲಿ ತೀರ್ಮಾನವಾಗಬೇಕು. ಮೊದಲ ಕಾದಂಬರಿಯಲ್ಲಿ ಮೂಕಿಚಿತ್ರ ನಟನೊಬ್ಬನ ಪಾಳು ಬಂಗಲೆಗೆ ಕಾಲಿಟ್ಟವರನ್ನು ಕಾರಣವಿಲ್ಲದ ಭಯ ಆವರಿಸುತ್ತದೆ. ದೆವ್ವವೆಂದು ಓಡಿದವರೇ ಎಲ್ಲ. ಕಿವಿಗೆ ಕೇಳಿಸದಷ್ಟು ಮಂದ್ರವಾದ, ಸೆಕೆಂಡಿಗೆ ಸುಮಾರು 20ಕ್ಕಿಂತ ಕಡಿಮೆ ಕಂಪನಗಳ ನಾದವೂ ಮೈಯನ್ನು ತಟ್ಟಬಲ್ಲದು ಎಂಬ ಸಂಗತಿ ಕಥೆಯ ಬಿಡುಗಡೆಯಲ್ಲಿದೆ. ಅಲ್ಲಿಗೆ ತಲುಪುವ ದಾರಿ ಮಾತ್ರ ಶಂಕೆ, ಊಹೆ, ಆಕ್ಷೇಪ, ತಿದ್ದುಪಡಿಗಳದು.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಇದರ ಮಹತ್ವ ಇಲ್ಲಿಯೇ ಇದೆ. ಪದ್ಯ, ಗಾದೆ, ಹಬ್ಬದ ಪ್ರಬಂಧಗಳು ಕನ್ನಡದಲ್ಲಿ ಉಳಿದು, ವಾದ ಮಾಡುವ ಕೆಲಸ ಮಲಯಾಳ, ಮರಾಠಿ ಅಥವಾ ಇಂಗ್ಲಿಷಿಗೆ ಸರಿದರೆ, ಮಗುವಿಗೆ ಕನ್ನಡ ಹಾಡುವ ಭಾಷೆಯಾಗಿ ಉಳಿದೀತು, ಯೋಚಿಸುವ ಭಾಷೆಯಾಗಿ ಅಲ್ಲ. ‘ಬಾಗಿಲು ತೆರೆದಿರುವುದರಿಂದ ಯಾರೋ ಬಂದಿರಬೇಕು’, ‘ಬಂದಿರಬಹುದು’ ಎಂಬೆರಡು ವಾಕ್ಯಗಳ ಅಂತರ ಪತ್ತೇದಾರಿ ಕಥೆಯ ಜೀವಾಳ. ‘ಬೇಕು’ ಎನ್ನಲು ಪುರಾವೆ ಬೇಕು. ‘ಬಹುದು’ ಎನ್ನಲು ಸುಳಿವು ಸಾಕು. ವ್ಯಾಕರಣದ ಪಾಠದಲ್ಲಿ ಪಟ್ಟಿಯಾಗಿ ಬರುವ ಈ ರೂಪಗಳು ಇಲ್ಲಿ ಅಗತ್ಯವಾಗಿ ಒದಗುತ್ತವೆ. ಶಿಕ್ಷಕರು ಬಿಡುಗಡೆಗೆ ಮೊದಲೇ ಕಥೆಯನ್ನು ನಿಲ್ಲಿಸಿ, ಪ್ರತಿ ಮಗುವೂ ತನ್ನ ಊಹೆಯನ್ನು ಕಾರಣಸಹಿತ ಒಂದೇ ವಾಕ್ಯದಲ್ಲಿ ಬರೆಯುವಂತೆ ಹೇಳಬಹುದು. ಊಹೆ ತಪ್ಪಿದ್ದರೂ ಕಾರಣ ಸಮಂಜಸವಾಗಿದ್ದರೆ ಪೂರ್ಣ ಅಂಕ ಸಲ್ಲಬೇಕು.

ಈ ಬಾಲಕರ ಅತ್ಯುತ್ತಮ ‘ಯಂತ್ರ’ದಲ್ಲಿ ಯಂತ್ರವೇ ಇಲ್ಲ. ಕಾಣೆಯಾದುದನ್ನು ಹುಡುಕಲು ಮೂವರೂ ತಲಾ ಐವರು ಗೆಳೆಯರಿಗೆ ದೂರವಾಣಿ ಮಾಡುತ್ತಾರೆ. ಆ ಪ್ರತಿಯೊಬ್ಬರೂ ಮತ್ತೆ ಐವರಿಗೆ. ಮೊದಲ ಸುತ್ತಿಗೆ 15, ಎರಡನೆಯದಕ್ಕೆ 75, ಮೂರನೆಯದಕ್ಕೆ 375. ಲೆಕ್ಕ ಸರಿ, ಊರು ಅಷ್ಟು ಸರಳವಲ್ಲ. ಒಂದೇ ಬೀದಿಯ ಮಕ್ಕಳ ಗೆಳೆಯರು ಬಹುಪಾಲು ಅವರವರೇ ಆಗಿರುವುದರಿಂದ ಒಬ್ಬನಿಗೇ ನಾಲ್ಕು ಕರೆ ಬಂದೀತು. ಸುದ್ದಿ ವಾಸ್ತವವಾಗಿ ಎಷ್ಟು ಜನರನ್ನು ಮುಟ್ಟೀತೆಂಬ ಪ್ರಶ್ನೆ ಇಡೀ ತರಗತಿಯನ್ನು ಮಾತಿಗೆಳೆಯುತ್ತದೆ.

ಹೊರಗಿನ ಕಥೆಯಾದ್ದರಿಂದ ಪಾತ್ರಗಳ ಹೆಸರು ಬದಲಿಸಬೇಕೆಂದು ಕೆಲವರು ಭಾವಿಸುತ್ತಾರೆ. ಜುಪಿಟರನನ್ನು ರಾಜು ಮಾಡುವ ಅಗತ್ಯವಿಲ್ಲ. ಜರ್ಮನ್ ಭಾಷೆಗೆ 1968ರಲ್ಲಿ ಬಂದ ಈ ಮಾಲೆ ಅಮೆರಿಕದಲ್ಲಿ ನಿಂತುಹೋದ ಮೇಲೆ, 1993ರಿಂದ ಜರ್ಮನ್ ಲೇಖಕರೇ ಹೊಸ ಕಥೆಗಳನ್ನು ಬರೆಯತೊಡಗಿದರು. ಊರು ಇಂದಿಗೂ ರಾಕಿ ಬೀಚ್. ಬದಲಾಗಬೇಕಾದುದು ಹೇಳುವ ಮಾತು. ‘ಗುಜರಿ’ ಎಂದೊಡನೆ ಸೊಲ್ಲಾಪುರದ ಮಗುವಿಗೆ ‘ಭಂಗಾರ’, ಕಾಸರಗೋಡಿನ ಮಗುವಿಗೆ ‘ಆಕ್ರಿ’ ನೆನಪಾಗಬಹುದು. ಮೂರನ್ನೂ ಹಲಗೆಯ ಮೇಲೆ ಬರೆದುಕೊಂಡೇ ಕಥೆಯನ್ನು ಆರಂಭಿಸುವುದು ಒಳ್ಳೆಯದು.