ಶ್ರವಣಾತೀತ ಧ್ವನಿಯೂ ಅಂಡಾಶಯದ ಅಪರೂಪದ ಗಡ್ಡೆಗಳೂ

ತೆಂಗಿನಕಾಯಿಯನ್ನು ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ, ಕಿವಿಯ ಬಳಿ ಕುಲುಕಿ ನೋಡುವುದನ್ನು ನಮ್ಮ ಅಮರಾಪುರದ ಮಕ್ಕಳೆಲ್ಲರೂ ಬಲ್ಲರು. ಒಳಗೆ ನೀರಿದೆಯೆ, ತಿರುಳು ಬಲಿತಿದೆಯೆ ಎಂಬುದನ್ನು ಕಾಯಿ ಒಡೆಯುವ ಮೊದಲೇ ಆ ಸದ್ದು ತಿಳಿಸುತ್ತದೆ. ೧೭೬೧ರಲ್ಲಿ ವಿಯೆನ್ನಾ ನಗರದ ಔಎನ್‌ಬ್ರುಗ್ಗರ್ ಎಂಬ ವೈದ್ಯರು ರೋಗಿಯ ಎದೆಯನ್ನು ಹೀಗೆಯೇ ತಟ್ಟಿ ಒಳಗಿನ ಸ್ಥಿತಿಯನ್ನು ಅರಿಯುವ ಕ್ರಮವನ್ನು ಪ್ರಕಟಿಸಿದರು. ಇಂದು ಜನರು 'ಸ್ಕ್ಯಾನಿಂಗ್' ಎಂದು ಕರೆಯುವ ಪರೀಕ್ಷೆಯು ಈ ವಿದ್ಯೆಯ ಬಹು ಮುಂದುವರಿದ ರೂಪವೆನ್ನಬಹುದು.

ತಾಯಂದಿರ ಕಾಯಿಲೆಯ ವಿಷಯವನ್ನು ಮಕ್ಕಳು ಓದುವ ಸಂಚಿಕೆಯಲ್ಲಿ ಬರೆಯುವುದು ಯುಕ್ತವೆ ಎಂದು ಕೆಲವರು ಕೇಳಬಹುದು. ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು, ಆಸ್ಪತ್ರೆಯ ವರದಿ ಇಂಗ್ಲಿಷ್ ಆಗಿರುವ ನಮ್ಮ ಗಡಿನಾಡಿನಲ್ಲಿ ತಾಯಿಯ ವರದಿಯನ್ನು ಓದಿ ಹೇಳುವ ಭಾರ ಎಷ್ಟೋ ವೇಳೆ ಶಾಲೆಗೆ ಹೋಗುವ ಮಗಳ ಅಥವಾ ಮಗನ ಮೇಲೆಯೇ ಬೀಳುತ್ತದೆ. ಅದರಲ್ಲಿ 'ಗಡ್ಡೆ' ಎಂಬ ಅರ್ಥದ ಪದವನ್ನು ಕಂಡೊಡನೆ ಮನೆಯವರೆಲ್ಲ ಕಂಗೆಡುವುದುಂಟು. ಇಲ್ಲವೆ ನಾಚಿಕೆಯಿಂದ ವಿಷಯವನ್ನೇ ಮುಚ್ಚಿಡುವುದುಂಟು. ಎರಡೂ ಹಾನಿಕರ. ಆದುದರಿಂದ ಈ ಪರೀಕ್ಷೆಯ ತತ್ತ್ವವನ್ನು ತಿಳಿದಿರುವುದು ಮಕ್ಕಳಿಗೂ ಹಿರಿಯರಿಗೂ ಅಗತ್ಯ.

ಬಾವಿಯ ದಡದಲ್ಲಿ ನಿಂತು ಕೂಗಿದರೆ ನಮ್ಮ ಕೂಗೇ ಮರಳಿ ಬರುತ್ತದೆ. ಇದು ಪ್ರತಿಧ್ವನಿ. ಕ್ಷಣಕ್ಕೆ ೨೦ರಿಂದ ೨೦,೦೦೦ದವರೆಗಿನ ಕಂಪನಗಳುಳ್ಳ ಧ್ವನಿಯನ್ನು ಮಾತ್ರ ಮನುಷ್ಯನ ಕಿವಿಯು ಕೇಳಬಲ್ಲುದು. ಅದಕ್ಕೆ ಮೀರಿದ್ದು ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್. ೧೮೮೦ರಲ್ಲಿ ಫ್ರಾನ್ಸ್ ದೇಶದ ಕ್ಯೂರಿ ಸಹೋದರರು, ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕಂಡರು. ಅಂತಹ ಸ್ಫಟಿಕಕ್ಕೆ ವಿದ್ಯುತ್ತನ್ನು ಕೊಟ್ಟರೆ ಅದು ಕಂಪಿಸಿ ಧ್ವನಿಯನ್ನು ಹೊರಡಿಸುತ್ತದೆ. ಮರಳಿದ ಧ್ವನಿಯು ತಾಗಿದರೆ ಮತ್ತೆ ವಿದ್ಯುತ್ತನ್ನು ಕೊಡುತ್ತದೆ. ಬಾಯಿಯೂ ಕಿವಿಯೂ ಒಂದೇ ಆದಂತೆ! ವೈದ್ಯರು ಹೊಟ್ಟೆಯ ಮೇಲೆ ಆಡಿಸುವ ಸಲಕರಣೆಯಲ್ಲಿರುವುದು ಇದೇ. ಇದರ ಧ್ವನಿಗೆ ಕ್ಷಣಕ್ಕೆ ಹತ್ತಾರು ಲಕ್ಷ ಕಂಪನಗಳು.

ಮೈಯ ಮೃದು ಭಾಗಗಳಲ್ಲಿ ಧ್ವನಿಯು ಕ್ಷಣಕ್ಕೆ ಸುಮಾರು ೧,೫೪೦ ಮೀಟರ್ ವೇಗದಿಂದ ಸಾಗುತ್ತದೆ. ಕಳುಹಿಸಿದ ಧ್ವನಿಯು ಕ್ಷಣದ ಹತ್ತು ಲಕ್ಷದಲ್ಲಿ ೬೫ ಭಾಗದಷ್ಟು ಕಾಲದಲ್ಲಿ ಮರಳಿದರೆ, ಹೋಗಿಬಂದ ದೂರ ೧೦ ಸೆಂಟಿಮೀಟರ್. ಅಂದರೆ ವಸ್ತುವಿರುವ ಆಳ ೫ ಸೆಂಟಿಮೀಟರ್. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಇಂತಹ ಅಸಂಖ್ಯ ಲೆಕ್ಕಗಳಿಂದ ಯಂತ್ರವು ತೆರೆಯ ಮೇಲೆ ಚಿತ್ರವನ್ನು ಮೂಡಿಸುತ್ತದೆ. ನೀರಿನಲ್ಲಿ ಪ್ರತಿಧ್ವನಿಯಿಲ್ಲ, ಅದು ಕಪ್ಪಾಗಿ ಕಾಣುತ್ತದೆ. ಘನವಾದ ಭಾಗವು ಬೂದುಬಣ್ಣವಾಗಿ ತೋರುತ್ತದೆ. ಕರುಳಿನ ಗಾಳಿಯು ಧ್ವನಿಯನ್ನು ತಡೆಯುವುದರಿಂದಲೇ, ಹೊಟ್ಟೆಯ ಮೇಲಿಂದ ಪರೀಕ್ಷಿಸುವಾಗ ಬಹಳಷ್ಟು ನೀರು ಕುಡಿಸುತ್ತಾರೆ. ತುಂಬಿದ ಮೂತ್ರಕೋಶವು ಕರುಳನ್ನು ಬದಿಗೆ ಸರಿಸಿ ಧ್ವನಿಗೆ ದಾರಿಯಾಗುತ್ತದೆ. ಇದರಲ್ಲಿ ಕ್ಷಕಿರಣವಿಲ್ಲ, ನೋವಿಲ್ಲ. ಬಾಲಕಿಯರನ್ನು ಹೊಟ್ಟೆಯ ಮೇಲಿಂದಲೇ ಪರೀಕ್ಷಿಸುವರು. ಆದುದರಿಂದ ಅಂಜಿಕೆಗೆ ಎಡೆಯಿಲ್ಲ.

ಈ ವಿದ್ಯೆಯನ್ನು ಸ್ತ್ರೀರೋಗಗಳಿಗೆ ಬಳಸಿದ ಕಥೆ ಸ್ವಾರಸ್ಯವಾದುದು. ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಅವರು ೧೯೫೫ರಲ್ಲಿ, ಶಸ್ತ್ರಚಿಕಿತ್ಸೆಯಿಂದ ತೆಗೆದ ಗಡ್ಡೆಗಳನ್ನು ಕಾರಿನಲ್ಲಿಟ್ಟುಕೊಂಡು ಸಮೀಪದ ಬಾಯ್ಲರ್ ಕಾರ್ಖಾನೆಗೆ ಹೋದರು. ಕಬ್ಬಿಣದ ಒಳಬಿರುಕುಗಳನ್ನು ಶ್ರವಣಾತೀತ ಧ್ವನಿಯಿಂದ ಹುಡುಕುವ ಯಂತ್ರ ಅಲ್ಲಿತ್ತು. ನೀರು ತುಂಬಿದ ಗಡ್ಡೆಯೂ ಘನವಾದ ಗಡ್ಡೆಯೂ ಅದರಲ್ಲಿ ಬೇರೆ ಬೇರೆ ಗುರುತುಗಳನ್ನು ಕೊಟ್ಟುವು. ಮುಂದೆ, ಗುಣವಾಗದ ಜಠರದ ಕ್ಯಾನ್ಸರ್ ಎಂದು ಹಿರಿಯ ವೈದ್ಯರು ಕೈಬಿಟ್ಟಿದ್ದ ಒಬ್ಬ ಹೆಂಗಸನ್ನು ಅವರು ಈ ಧ್ವನಿಯಿಂದ ಪರೀಕ್ಷಿಸಿದಾಗ, ಒಳಗಿದ್ದುದು ಅಂಡಾಶಯದ ದೊಡ್ಡ ನೀರ್ಗಡ್ಡೆಯೆಂದು ತೋರಿತು. ಅದನ್ನು ತೆಗೆದರು, ಆಕೆ ಉಳಿದಳು. ಡೊನಾಲ್ಡ್, ಮ್ಯಾಕ್‌ವಿಕಾರ್, ಬ್ರೌನ್ ಈ ಮೂವರ ಲೇಖನವು ೧೯೫೮ರ ಜೂನ್ ತಿಂಗಳಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಂಡಾಶಯಗಳು ಗರ್ಭಕೋಶದ ಎರಡು ಪಕ್ಕಗಳಲ್ಲಿ ಬಾದಾಮಿಯ ಆಕಾರದಲ್ಲಿರುವ ಎರಡು ಚಿಕ್ಕ ಅಂಗಗಳು. ಅವುಗಳಲ್ಲಿ ಪ್ರತಿ ತಿಂಗಳೂ ಅಂಡವು ಬಲಿಯುವಾಗ ಸಣ್ಣ ನೀರಿನ ಗುಳ್ಳೆಯುಂಟಾಗುವುದು ಸಹಜ. ಕೆಲವೊಮ್ಮೆ ಅದು ದೊಡ್ಡದಾಗಿ, ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಕರಗುವುದುಂಟು. ಆದಕಾರಣ ಗಡ್ಡೆಯೆಂದರೆಲ್ಲ ಕ್ಯಾನ್ಸರ್ ಅಲ್ಲ. ನಿಜವಾದ ಕ್ಯಾನ್ಸರುಗಳಲ್ಲಿಯೂ ಬಹುಪಾಲು ಅಂಡಾಶಯದ ಹೊರಪದರಕ್ಕೆ ಸಂಬಂಧಿಸಿದವು. ಅಂಡಗಳ ಮೂಲಕಣಗಳಿಂದಲೂ, ಅಂಡವನ್ನು ಪೋಷಿಸುವ ಕಣಗಳಿಂದಲೂ, ನಡುವಣ ನಾರಿನಿಂದಲೂ ಹುಟ್ಟುವ ಕ್ಯಾನ್ಸರುಗಳು ವಿರಳ.

ಇವುಗಳನ್ನು ಗುರುತಿಸುವುದು ಹೇಗೆ? ೧೯೯೯ರಲ್ಲಿ ಬೆಲ್ಜಿಯಂ ದೇಶದ ಟಿಮ್ಮರ್‌ಮನ್ ಮೊದಲಾದ ವೈದ್ಯರು 'ಐಓಟಿಎ' ಎಂಬ ಕೂಟವನ್ನು ಕಟ್ಟಿ, ೨೦೦೮ರಲ್ಲಿ ಸರಳವಾದ ಹತ್ತು ಲಕ್ಷಣಗಳನ್ನು ಪ್ರಕಟಿಸಿದರು. ಒಂದೇ ಕೋಣೆಯುಳ್ಳ ನೀರ್ಗಡ್ಡೆ, ಹಿಂದೆ ನೆರಳು ಬೀಳುವಿಕೆ, ರಕ್ತ ಹರಿವು ಕಾಣದಿರುವುದು ಮೊದಲಾದ ಐದು ಸೌಮ್ಯ ಲಕ್ಷಣಗಳು. ಅಂಕುಡೊಂಕಾದ ಘನಗಡ್ಡೆ, ಹೊಟ್ಟೆಯಲ್ಲಿ ನೀರು ಸೇರಿರುವುದು, ಬಲವಾದ ರಕ್ತದ ಹರಿವು ಮೊದಲಾದ ಐದು ಅಪಾಯದ ಲಕ್ಷಣಗಳು. ಒಂದು ಬಗೆಯವು ಮಾತ್ರವೇ ಕಂಡರೆ ನಿರ್ಣಯ ಸುಲಭ. ಎರಡೂ ಕಂಡರೆ, ಅಥವಾ ಯಾವುದೂ ಕಾಣದಿದ್ದರೆ, ನುರಿತ ತಜ್ಞರೇ ನೋಡಬೇಕು. ರಕ್ತದ ಹರಿವನ್ನು ತಿಳಿಯುವುದು ೧೮೪೨ರಲ್ಲಿ ಡಾಪ್ಲರ್ ಕಂಡ ತತ್ತ್ವದಿಂದ: ಎದುರು ಬರುವ ಲಾರಿಯ ಹಾರನ್ನು ಏರುದನಿಯಾಗಿಯೂ, ದಾಟಿಹೋದ ಮೇಲೆ ಇಳಿದನಿಯಾಗಿಯೂ ಕೇಳಿಸುವಂತೆ, ಚಲಿಸುವ ರಕ್ತದಿಂದ ಮರಳುವ ಧ್ವನಿಯೂ ಬದಲಾಗುತ್ತದೆ.

ವಿರಳವಾದ ಗಡ್ಡೆಗಳಿಗೂ ತಮ್ಮ ತಮ್ಮ ಮುಖಚರ್ಯೆಯುಂಟು. ಹರೆಯದ ಹುಡುಗಿಯರಲ್ಲಿ ಬರುವ 'ಡಿಸ್‌ಜರ್ಮಿನೋಮ' ಎಂಬುದು ಹಾಲೆಹಾಲೆಯಾದ, ರಕ್ತ ತುಂಬಿದ ಘನಗಡ್ಡೆಯಾಗಿ ತೋರುತ್ತದೆ. 'ಗ್ರಾನ್ಯುಲೋಸಾ' ಕಣಗಳ ಗಡ್ಡೆಯಲ್ಲಿ ಜೇನುಹುಟ್ಟಿನಂತೆ ಅನೇಕ ಸಣ್ಣ ಕೋಣೆಗಳಿರಬಹುದು. ಅದು ಸ್ತ್ರೀರಸವನ್ನು ಸ್ರವಿಸುವುದರಿಂದ ಮುಟ್ಟು ನಿಂತವರಲ್ಲಿ ಮತ್ತೆ ರಕ್ತಸ್ರಾವವಾಗುತ್ತದೆ. 'ಫೈಬ್ರೋಮ' ಎಂಬ ನಾರುಗಡ್ಡೆಯು ಹಿಂದಕ್ಕೆ ಪಟ್ಟೆಪಟ್ಟೆಯಾದ ನೆರಳನ್ನು ಚೆಲ್ಲುತ್ತದೆ. ಇದರೊಡನೆ ಕೆಲವೊಮ್ಮೆ ಹೊಟ್ಟೆಯಲ್ಲಿಯೂ ಎದೆಯಲ್ಲಿಯೂ ನೀರು ಸೇರಿ, ಕೈಮೀರಿದ ಕ್ಯಾನ್ಸರಿನಂತೆ ಕಾಣುವುದುಂಟು. ಗಡ್ಡೆಯನ್ನು ತೆಗೆದರೆ ನೀರೂ ಇಂಗುವುದೆಂದು ಅಮೆರಿಕದ ಮೀಗ್ಸ್ ಅವರು ೧೯೩೭ರಲ್ಲಿ ವಿವರಿಸಿದರು. ಇಲ್ಲಿ ಸೌಮ್ಯ ಲಕ್ಷಣವಾದ ನೆರಳೂ ಅಪಾಯದ ಲಕ್ಷಣವಾದ ನೀರೂ ಕೂಡಿರುವುದರಿಂದ ತಜ್ಞರ ಕಣ್ಣು ಅವಶ್ಯ. ಎರಡೂ ಅಂಡಾಶಯಗಳಲ್ಲಿ ಘನಗಡ್ಡೆಗಳು ಕಂಡರೆ, ಅವು ಜಠರದಿಂದ ಹರಡಿದ ಕ್ಯಾನ್ಸರ್ ಇರಬಹುದೆಂದು ಜಠರವನ್ನೂ ಪರೀಕ್ಷಿಸುವರು.

ಈ ವಿವೇಚನೆಯಿಂದ ಪ್ರಯೋಜನವೇನು? ಡಿಸ್‌ಜರ್ಮಿನೋಮದಂತಹ ಗಡ್ಡೆಯು ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ; ಎಷ್ಟೋ ಹುಡುಗಿಯರಲ್ಲಿ ಕೆಟ್ಟ ಅಂಡಾಶಯವೊಂದನ್ನೇ ತೆಗೆದು ಗರ್ಭಕೋಶವನ್ನೂ ಇನ್ನೊಂದು ಅಂಡಾಶಯವನ್ನೂ ಉಳಿಸಬಹುದು. ಅವರು ಮುಂದೆ ತಾಯಂದಿರೂ ಆಗಬಹುದು. ಅರಿಯದೆ ಎಲ್ಲವನ್ನೂ ತೆಗೆದರೆ ಆ ನಷ್ಟವನ್ನು ತುಂಬಲಾಗದು.

ಆದರೆ ಧ್ವನಿಯ ಚಿತ್ರವು ಕೊನೆಯ ತೀರ್ಪಲ್ಲ. ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಅದರ ಜಾತಿ ನಿಶ್ಚಯವಾಗುವುದು. ಯಾವ ತೊಂದರೆಯೂ ಇಲ್ಲದವರು ವರ್ಷವರ್ಷವೂ ಈ ಪರೀಕ್ಷೆ ಮಾಡಿಸಿಕೊಳ್ಳುವುದರಿಂದ ಲಾಭವಿಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಸ್ತ್ರೀಯರಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರಿಂದ ಸಾವುಗಳು ಕಡಿಮೆಯಾಗಲಿಲ್ಲ. ಇದೇ ಯಂತ್ರದಿಂದ ಗರ್ಭದ ಶಿಶು ಗಂಡೋ ಹೆಣ್ಣೋ ಎಂದು ಕೇಳುವುದನ್ನೂ ಹೇಳುವುದನ್ನೂ ೧೯೯೪ರ ಶಾಸನವು ಅಪರಾಧವೆಂದು ವಿಧಿಸಿದೆ. ಹೆಣ್ಣಿನ ಜೀವವನ್ನು ಉಳಿಸಲು ಬಂದ ವಿದ್ಯೆಯು ಹೆಣ್ಣಿನ ಜೀವಕ್ಕೆ ಎರವಾಗಬಾರದು.

ಹೊಟ್ಟೆ ದಿನೇ ದಿನೇ ಉಬ್ಬುವುದು, ಸ್ವಲ್ಪ ಉಂಡೊಡನೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಇವು ಕೆಲವು ವಾರ ಬಿಡದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಕಿಬ್ಬೊಟ್ಟೆಯಲ್ಲಿ ಒಮ್ಮೆಗೇ ತಡೆಯಲಾರದ ನೋವು ಬಂದರೆ ಗಡ್ಡೆಯು ತಿರುಚಿರಬಹುದು. ಆಗ ಗಳಿಗೆಯೂ ತಡಮಾಡಬಾರದು. ಕ್ಯಾನ್ಸರಿನ ಶಂಕೆಯಿದ್ದರೆ, ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂತಹ, ಇದಕ್ಕೆಂದೇ ಮೀಸಲಾದ ಆಸ್ಪತ್ರೆಗೆ ಮೊದಲೇ ಹೋಗುವುದು ಲೇಸು; ಮೊದಲ ಶಸ್ತ್ರಚಿಕಿತ್ಸೆಯು ಸರಿಯಾದ ಕೈಗಳಿಂದ ನಡೆಯುವುದು ಬಹು ಮುಖ್ಯ.

ಮನೆಯ ತಾಯಿ ತನ್ನ ನೋವನ್ನು ಕೊನೆಗೆ ಹೇಳುವವಳು. ಅವಳು ಹೇಳುವ ಮೊದಲೇ ಕೇಳುವ ಮಕ್ಕಳಿದ್ದರೆ ಅದೇ ಅವಳ ಭಾಗ್ಯ.