ಅಂಗಳದ ಈಜುಕೊಳ: ಒಮ್ಮೆ ತುಂಬಿದ ನೀರು ಮಳೆಗಾಲದವರೆಗೆ ಬಾಳಲಿ

ನಾಗಾವಿ (ಗದಗ ತಾಲ್ಲೂಕು): ಪರೀಕ್ಷೆಗಳು ಮುಗಿದು ಮಕ್ಕಳಿಗೆ ರಜೆ ಆರಂಭವಾಗುತ್ತಿದ್ದಂತೆಯೇ, ಕಳೆದ ವರ್ಷ ಮಡಚಿ ಅಟ್ಟಕ್ಕೇರಿಸಿದ್ದ ಈಜುಕೊಳಗಳು ಮತ್ತೆ ಅಂಗಳಕ್ಕೆ ಇಳಿಯುತ್ತವೆ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತೊಡಿಸಿ, ನೆಲ ಅಗೆಯದೆ ನಿಲ್ಲಿಸುವ ಕೊಳಗಳಿವು. ನಿಲ್ಲಿಸುವುದು ಗಂಟೆಯೊಳಗಿನ ಕೆಲಸ. ಆದರೆ ಅದಕ್ಕೆ ನೀರು ಎಲ್ಲಿಂದ, ಎಷ್ಟು ಬಾರಿ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ.

ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ನೆಲೆಯಾಗಿರುವ ನಾಗಾವಿಯಲ್ಲಿ ನಿಂತು ಈ ಲೆಕ್ಕ ಹಾಕುವುದು ಸೂಕ್ತ. ಜಲಜೀವನ್ ಮಿಷನ್ ಪ್ರಕಾರ ಗ್ರಾಮೀಣ ಪ್ರದೇಶದ ಪ್ರತಿ ವ್ಯಕ್ತಿಗೆ ದಿನಕ್ಕೆ ದೊರೆಯಬೇಕಾದ ನೀರು 55 ಲೀಟರ್. ಐವರ ಕುಟುಂಬಕ್ಕೆ 275 ಲೀಟರ್. ಹತ್ತು ಅಡಿ ಅಗಲದ ದುಂಡು ಕೊಳಕ್ಕೆ ಎರಡು ಅಡಿ ನೀರು ನಿಲ್ಲಿಸಿದರೆ ಸುಮಾರು 4,400 ಲೀಟರ್ ಬೇಕು. ಅಂದರೆ ಒಂದು ಮನೆಯ ಹದಿನಾರು ದಿನಗಳ ನೀರು. ನೀರು ಹಸಿರಾಯಿತೆಂದು ವಾರಕ್ಕೊಮ್ಮೆ ಚೆಲ್ಲಿ ತುಂಬಿದರೆ ಹತ್ತು ವಾರಗಳಲ್ಲಿ 44,000 ಲೀಟರ್ ಖರ್ಚಾಗುತ್ತದೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾದು ಅಭ್ಯಾಸವಿರುವ ಗದಗ-ಬೆಟಗೇರಿ ಅವಳಿ ನಗರದ ಜನರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರಗೊಂಡಾಗ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಆದುದರಿಂದ ಕೊಳವನ್ನು ತೆರೆಯುವುದೆಂದರೆ ಕೇವಲ ತುಂಬುವುದಲ್ಲ. ತುಂಬಿದ ನೀರನ್ನು ಋತು ಮುಗಿಯುವವರೆಗೆ ಕೆಡದಂತೆ ಉಳಿಸಿಕೊಳ್ಳುವುದು.

ಮೊದಲು ನೆಲ, ಆಮೇಲೆ ಕೊಳ

4,400 ಲೀಟರ್ ನೀರಿನ ತೂಕ ನಾಲ್ಕೂವರೆ ಟನ್‌ಗೆ ಸಮೀಪ. ಪ್ರತಿ ಚದರ ಮೀಟರ್ ಮೇಲೆ ಬೀಳುವ ಭಾರ ಸುಮಾರು 600 ಕಿಲೋ. ಭಾರತೀಯ ಮಾನಕದಂತೆ ಓಡಾಟಕ್ಕೆ ಅವಕಾಶವಿರುವ ತಾರಸಿಯನ್ನು ವಿನ್ಯಾಸಗೊಳಿಸುವಾಗ ಪರಿಗಣಿಸುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಇಂತಹ ಕೊಳವನ್ನು ತಾರಸಿಗೇರಿಸುವುದು ಅಪಾಯಕರ.

ನೆಲದ ಮೇಲೂ ಎಚ್ಚರ ಅಗತ್ಯ. ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ತಗುಲಿದರೆ ಉಬ್ಬುತ್ತದೆ. ಕೊಳದ ಅಂಚಿನಿಂದ ಚೆಲ್ಲುವ ನೀರಿಗೇ ಒಂದು ಬದಿ ಕುಸಿದು ಚೌಕಟ್ಟು ವಾಲಬಹುದು. ಗರಸು ಹಾಕಿ ದಮ್ಮಸು ಮಾಡಿ, ಮಟ್ಟ ನೋಡಿ, ಮೇಲೆ ಸೋಸಿದ ಮರಳು ಮತ್ತು ತಾಡಪಾಲು ಹಾಸುವುದು ಸೂಕ್ತ. ಅಟ್ಟದಿಂದ ಇಳಿಸಿದ ಹಾಳೆಯನ್ನು ನೆರಳಿನಲ್ಲಿ ಬಿಡಿಸಿ, ಇಲಿ ಕಡಿದ ಗುರುತು, ಮಡಿಕೆಯ ಬಿರುಕು, ಕೊಳವೆಗಳ ತುಕ್ಕನ್ನು ಪರಿಶೀಲಿಸಬೇಕು. ಎರಡು ಅಂಗುಲ ನೀರು ಬಿಟ್ಟು ಸುಕ್ಕು ಬಿಡಿಸಿ, ಒಂದು ರಾತ್ರಿ ಸೋರಿಕೆ ನೋಡಿದ ನಂತರವೇ ಪೂರ್ತಿ ತುಂಬಬೇಕು.

ಕ್ಲೋರಿನ್ ಲೆಕ್ಕ

ನೀರು ತಿಳಿಯಾಗಿ ಕಂಡಮಾತ್ರಕ್ಕೆ ಶುದ್ಧವೆನ್ನಲಾಗದು. ಈಜುವ ನೀರಿನಲ್ಲಿ ಪ್ರತಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆಮ್ಲ-ಕ್ಷಾರ ಸೂಚಿಯಾದ ಪಿಎಚ್ 7.2ರಿಂದ 7.8ರೊಳಗಿರಬೇಕು. ಪಿಎಚ್ 8 ದಾಟಿದರೆ, ಹಾಕಿದ ಕ್ಲೋರಿನ್‌ನಲ್ಲಿ ರೋಗಾಣುಗಳನ್ನು ಬೇಗ ಕೊಲ್ಲುವ ಅಂಶ ಕಾಲುಭಾಗಕ್ಕಿಂತ ಕಡಿಮೆಯಾಗುತ್ತದೆ.

ಅಂಗಡಿಯ ಹೊಸ ಬ್ಲೀಚಿಂಗ್ ಪುಡಿಯಲ್ಲಿ ಶೇ 30ರಷ್ಟು ಕ್ಲೋರಿನ್ ಇದೆಯೆಂದು ಇಟ್ಟುಕೊಂಡರೆ, ಮೇಲೆ ಹೇಳಿದ ಕೊಳಕ್ಕೆ ಮೊದಲ ದಿನ ಸುಮಾರು 150 ಗ್ರಾಂ ಬೇಕು. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿ ಕದಡಿ, ಸುಣ್ಣದ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ ಸುರಿಯಬೇಕು. ಬಿಸಿಲು ಕ್ಲೋರಿನ್ ಅನ್ನು ಬಹುಬೇಗ ನಾಶಪಡಿಸುವುದರಿಂದ ಈ ಕೆಲಸಕ್ಕೆ ಸಂಜೆಯೇ ಸಕಾಲ. ಕ್ಲೋರಿನ್ ಮಟ್ಟ 3 ಮಿಲಿಗ್ರಾಂಗೆ ಇಳಿಯುವವರೆಗೆ ಯಾರೂ ನೀರಿಗಿಳಿಯಬಾರದು. ಅನಂತರ ನಿತ್ಯ ಸಂಜೆ ಪರೀಕ್ಷಿಸಿ ಕೊರತೆಯಾದಷ್ಟನ್ನೇ ಸೇರಿಸಬೇಕು. 30 ಗ್ರಾಂ ಪುಡಿ ಮಟ್ಟವನ್ನು ಸುಮಾರು 2 ಮಿಲಿಗ್ರಾಂನಷ್ಟು ಏರಿಸುತ್ತದೆ.

ಕೊಳವೆಬಾವಿಯ ಗಡಸು ನೀರಿಗೆ ಬ್ಲೀಚಿಂಗ್ ಪುಡಿ ಬಿದ್ದೊಡನೆ ನೀರು ಹಾಲಿನಂತಾಗಬಹುದು. ಇದು ಸುಣ್ಣದಂಶ ಹೊರಬರುವ ಪರಿ. ಪಂಪ್ ನಡೆಸಿದರೆ ಬಹುಪಾಲು ಫಿಲ್ಟರ್‌ನಲ್ಲಿ ನಿಲ್ಲುತ್ತದೆ. ಪಿಎಚ್ ಇಳಿಸಲು ಈಜುಕೊಳಕ್ಕೆಂದೇ ಮಾರುವ ಆಮ್ಲದ ಪುಡಿ ಲಭ್ಯ. ಆದರೆ ಆಮ್ಲ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಒಂದೇ ಬಕೆಟ್ಟಿನಲ್ಲಿ ಬೆರೆಸಬಾರದು. ಹೊಮ್ಮುವ ಕ್ಲೋರಿನ್ ಅನಿಲ ಪ್ರಾಣಾಂತಿಕ.

ಪಂಪ್ ಗಂಟೆಗೆ 1,200 ಲೀಟರ್ ಎತ್ತುವಂತಿದ್ದರೆ ಇಡೀ ಕೊಳದಷ್ಟು ನೀರು ಒಮ್ಮೆ ಸೋಸಲ್ಪಡಲು ನಾಲ್ಕು ಗಂಟೆ ಹಿಡಿಯುತ್ತದೆ. ದಿನಕ್ಕೆ ಕನಿಷ್ಠ ಅಷ್ಟಾದರೂ ನಡೆಸಿ, ಫಿಲ್ಟರ್ ಅನ್ನು ಆಗಾಗ್ಗೆ ತೊಳೆಯಬೇಕು. ಕಾಲು ತೊಳೆದು, ಸ್ನಾನ ಮಾಡಿ ಇಳಿಯುವ ಶಿಸ್ತು ಮಕ್ಕಳಿಗೆ ಬಂದರೆ ಅರ್ಧ ಕ್ಲೋರಿನ್ ಉಳಿದಂತೆಯೇ ಸರಿ.

ನಿರ್ಲಕ್ಷ್ಯದ ಬೆಲೆ

ಕೇರಳದಲ್ಲಿ 2024ರಲ್ಲಿ ಮೆದುಳು ತಿನ್ನುವ ಅಮೀಬಾ ಸೋಂಕಿಗೆ ಮಕ್ಕಳು ಬಲಿಯಾದ ಪ್ರಕರಣಗಳು ನೆನಪಿನಲ್ಲಿರಬೇಕು. ಬೆಚ್ಚನೆಯ, ಕ್ಲೋರಿನ್ ಇಲ್ಲದ ಸಿಹಿನೀರಿನಲ್ಲಿ ಬೆಳೆಯುವ ಈ ಜೀವಿ ಮೂಗಿನ ಮೂಲಕ ದೇಹ ಸೇರುತ್ತದೆ. ಬಳಸದೆ ಬಿಟ್ಟ ಕೊಳದಲ್ಲಿ ವಾರ ಹತ್ತು ದಿನಗಳಲ್ಲಿ ಡೆಂಗಿ ಹರಡುವ ಸೊಳ್ಳೆಗಳು ಹುಟ್ಟಿ ಹಾರುತ್ತವೆ. ರಾಜ್ಯ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು, ಸೊಳ್ಳೆ ಉತ್ಪತ್ತಿಗೆ ಎಡೆಗೊಡುವವರಿಗೆ ದಂಡ ವಿಧಿಸಲು ಅವಕಾಶವಿದೆ.

ವಿದ್ಯುತ್ ಮತ್ತೊಂದು ಅಪಾಯ. ಪಂಪಿನ ಸಂಪರ್ಕಕ್ಕೆ 30 ಮಿಲಿ ಆಂಪಿಯರ್‌ಗೆ ಕಡಿತಗೊಳ್ಳುವ ಸುರಕ್ಷಾ ಸಾಧನ ಅಳವಡಿಸಿರಬೇಕು. ಮಕ್ಕಳು ನೀರಿನಲ್ಲಿರುವಾಗ ಪಂಪಿನ ಪ್ಲಗ್ ಕಿತ್ತಿಡುವುದು ಇನ್ನೂ ಕ್ಷೇಮ. ಎರಡು ಅಡಿ ನೀರಿನಲ್ಲಿಯೂ ಪುಟ್ಟ ಮಗು ಸದ್ದಿಲ್ಲದೆ ಮುಳುಗಬಲ್ಲದು. ಕೈಗೆಟಕುವ ದೂರದಲ್ಲಿ ಹಿರಿಯರೊಬ್ಬರು ಮೊಬೈಲ್ ಬದಿಗಿಟ್ಟು ಕುಳಿತಿರಬೇಕು. ಆಟ ಮುಗಿದೊಡನೆ ಏಣಿಯನ್ನು ತೆಗೆದಿಡಬೇಕು.

ಕೊನೆಯ ಹನಿಯೂ ವ್ಯರ್ಥವಲ್ಲ

ಗಾಳಿ, ಬಿಸಿಲಿಗೆ ದಿನಕ್ಕೊಂದು ಸೆಂಟಿಮೀಟರ್ ನೀರು ಆರಿದರೂ ನಷ್ಟ ಸುಮಾರು 73 ಲೀಟರ್, ಅಂದರೆ ನಾಲ್ಕೈದು ಕೊಡ. ಮುಚ್ಚಿಗೆ ಹಾಕಿದರೆ ಇದರ ಬಹುಭಾಗ ಉಳಿಯುತ್ತದೆ. ಧೂಳು, ಎಲೆ, ಸೊಳ್ಳೆಗಳೂ ದೂರವಾಗುತ್ತವೆ. ಮಳೆಗಾಲ ಸಮೀಪಿಸಿದಾಗ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಕೆಲ ದಿನ ಬಿಸಿಲಿಗೆ ಬಿಟ್ಟು, ಪರೀಕ್ಷೆಯಲ್ಲಿ ಕ್ಲೋರಿನ್ ಕಾಣದಾದ ಮೇಲೆ ಆ ನೀರನ್ನು ಅಂಗಳ ತೊಳೆಯಲು, ಶೌಚಾಲಯಕ್ಕೆ, ದೊಡ್ಡ ಮರಗಳಿಗೆ ಬಳಸಬಹುದು.

ಒಮ್ಮೆ ತುಂಬಿ ಋತುವಿಡೀ ಉಳಿಸಿಕೊಳ್ಳುವ ಶಿಸ್ತು ಇದ್ದರೆ ಮಕ್ಕಳ ಸಂತೋಷಕ್ಕೂ ನೆರೆಯವರ ಕೊಡಕ್ಕೂ ಜಗಳವಿಲ್ಲ. ಆ ಶಿಸ್ತು ಸಾಧ್ಯವಿಲ್ಲವೆನ್ನುವವರು ಈ ಬೇಸಿಗೆಗೆ ಕೊಳವನ್ನು ಅಟ್ಟದ ಮೇಲೆಯೇ ಬಿಡುವುದು ಲೇಸು.